ರೈಲು ಕೂಗಿದ್ರ ನೀರು ಕೆಳಗಿನ ಊರಿಗಿ

ನೀರು ಹಂಚೋ ಕೆಲಸ ಹಿಡದವಗ ನಗಿಗಿ ಬರಗಾಲ ಇಲ್ಲ ನೋಡ್ರಿ. ಕೆರಿ ಬತ್ತತದ, ಬಾವಿ ಬತ್ತತದ, ಮಂದಿ ಜಗಳ ಮಾತ್ರ ಬಿಲ್ಕುಲ್ ಬತ್ತಂಗಿಲ್ಲ. ನಿಜಾಮ ಸರ್ಕಾರದ ಕಾಲದಾಗ ತಾಂಡೂರ ಹತ್ತರ ಒಂದು ಕೆರಿಗಿ ನಾ ನೀರಡಿ ಇದ್ದೆ. ನೀರಡಿ ಅಂದ್ರ ಕೆರಿ ನೀರು ಹೊಲಕ್ಕ ತಿರುವಾಂವ. ಕಾಗಿಣಾ ಹೊಳಿಗುಂಟ ಎಲ್ಲಿ ನೋಡಿದ್ರೂ ಊರು, ಊರ ತುಂಬ ಮಂದಿ. ನಮ್ಮ ಕೆರಿಗೂ ಎರಡು ಊರು ಬಾಯಿ ತಕ್ಕೊಂಡು ಕುಂತಿದ್ವು, ಮೇಲಿನ ಊರು, ಕೆಳಗಿನ ಊರು. ಹಗಲು ನೀರು ಮೇಲಿನವರಿಗಿ, ಸಂಜಿ ಆದ ಮ್ಯಾಲ ಕೆಳಗಿನವರಿಗಿ. ಕಾಲುವಿ ಒಡದು ಎರಡಾಗೋ ಜಾಗದಾಗ ಒಂದು ಫರ್ಸಿ ಕಲ್ಲು. ಅದನ್ನ ಎತ್ತಿ ಒಮ್ಮಿ ಆ ಬಾಯಿಗಿ, ಒಮ್ಮಿ ಈ ಬಾಯಿಗಿ ಅಡ್ಡ ಇಡೋದೇ ನನ್ನ ನೌಕರಿ. ಆದ್ರ ಸಂಜಿ ಅಂದ್ರ ಯಾವಾಗ? ಪೀಕಲಾಟ ಶುರು ಆಗಿದ್ದೇ ಅಲ್ಲಿ.

ದನದ ಗಡಿಯಾರ

ಮೊದಲು ದನ ಮನಿಗಿ ಬರೋ ಹೊತ್ತಿಗಿ ನೀರು ತಿರುವಬೇಕು ಅಂತ ಕಟ್ಟು ಇತ್ತು. ಹಿರೇರು ಮಾಡಿದ್ದು, ಚೊಲೋನೇ ಇತ್ತು. ಆದ್ರ ಹಿರೇರಿಗಿ ತಮ್ಮ ಮಕ್ಕಳ ಬುದ್ಧಿ ಗೊತ್ತಿದ್ದಿಲ್ಲ.

ಕೆಳಗಿನ ಊರವರು ಮಟಮಟ ಮಧ್ಯಾಹ್ನದಾಗ ದನ ಹೊಡಕೊಂಡು ಬಂದು, "ದನ ಬಂದಾವ, ತಿರುವಪ್ಪಾ ನೀರು" ಅಂದ್ರು. ಇದನ್ನ ನೋಡಿ ಮೇಲಿನ ಊರವರು ದೀಪ ಹಚ್ಚಿದ್ರೂ ತಮ್ಮ ದನ ಅಡವಿಯಿಂದ ಬಿಡಲೇ ಇಲ್ಲ. "ನಮ್ಮ ದನ ಇನ್ನಾ ಬಂದಿಲ್ಲ, ಕಲ್ಲು ಮುಟ್ಟಿದ್ರ ನೋಡು" ಅಂತ ನನಗ ಧಮಕಿ. ಒಂದು ಊರಿನ ದನಕ್ಕ ಮೇವಿಲ್ಲ, ಇನ್ನೊಂದು ಊರಿನ ದನಕ್ಕ ಮನಿ ಇಲ್ಲ.

ತಾಲೂಕಾದಿಂದ ಕೆರಿ ದರೋಗಾ ಸಾಹೇಬ್ರು ವಿಚಾರಣಿಗಿ ಬಂದ್ರು. ಎರಡೂ ಕಡಿ ಶಿಕಾಯತ್ ಕೇಳಿ ದಣದು, "ಮೊದಲು ಒಂದು ಚಾ ಕೊಡ್ರಿ" ಅಂದ್ರು. ಚಾ ಬಂತು, ಕರ್ರಗ. ಎರಡೂ ಊರು ಹುಡುಕಿದ್ರೂ ಒಂದು ಬಟ್ಟಲ ಹಾಲು ಸಿಗಲಿಲ್ಲ. ದನ ಎಲ್ಲಾ ಹಾಲು ಬತ್ತಿಸಿಕೊಂಡು ಕುಂತಿದ್ವು. ಸಾಹೇಬ್ರು ಬಟ್ಟಲ ಕೆಳಗಿಟ್ಟು ಅಲ್ಲೇ ಫೈಸಲಾ ಕೊಟ್ರು: "ಇವತ್ತಿಂದ ದನ ಬಂದ್! ವಾಡಿ ಕಡಿ ಹೋಗೋ ಸಂಜಿ ರೈಲು ಕೂಗಿದ್ರ ನೀರು ತಿರುವು. ರೈಲಿಗಿ ಯಾರೂ ಕೋಲು ತೋರಿಸಂಗಿಲ್ಲ."

ಟಿಕೀಟಿಲ್ಲದ ಕೆಲಸ

ರೈಲು ಹಳಿ ನಮ್ಮ ಹೊಲದ ಮಗ್ಗಲಿಗೇ ಇತ್ತು. ಆದ್ರ ಸಂಜಿ ರೈಲು ಹೊತ್ತಿಗಿ ಬಂದದ್ದು ನಾ ಕಾಣೆ. ಅದು ತಡ ಆದಷ್ಟೂ ನೀರು ಮೇಲಿನ ಊರಿಗೇ ಹರೀತಿತ್ತು. ಮೇಲಿನ ಊರಿನ ಪಟೇಲ್ರಿಗಿ ಅದೆಂಥಾ ಖುಷಿ! ಕೆರಿ ಕಟ್ಟಿ ಮ್ಯಾಲಿನ ಮೈಸಮ್ಮ ದೇವಿ ಮುಂದ ನಿಂತು ಆಣಿನೂ ಹಾಕಿಸಿದ್ರು: "ರೈಲು ಕೂಗದೆ ಯಾರರ ನೀರು ತಿರುವಿದ್ರ, ಅಂವ ಎರಡೂ ಊರಿಗಿ ಹೋಳಿಗಿ ಊಟ ಹಾಕಬೇಕು." ನನ್ನ ಮನಿಯಾಗ ಗಂಡ ಹೆಂಡತಿಗೇ ಹೋಳಿಗಿ ಇಲ್ಲ. ನಾ ಆ ಕಲ್ಲಿಗಿ ಹೆದರಿ ಹೆದರಿ ಕೈ ಹಚ್ಚತಿದ್ದೆ.

ಕೆಳಗಿನ ಊರಾಗ ಒಬ್ಬಾಕಿ ಮುದುಕಿ ಇದ್ಲು. ಗಂಡ ತೀರಿದ್ದ, ಕಾಲುವಿ ತುದಿಗಿ ಒಂದೇ ಮಡಿ ಭತ್ತದ ಗದ್ದಿ. ಎಲ್ಲರದೂ ಕುಡದು ಉಳದ ನೀರು ಆಕಿಗಿ. ಒಂದಿನ ತಡಿಲಾರದೆ ಸೀದಾ ತಾಂಡೂರ ಸ್ಟೇಶನ್ನಿಗೇ ಹೋದ್ಲು.

"ಎಲ್ಲಿಗಿ ಟಿಕೀಟು, ಅವ್ವಾ?" ಅಂದ್ರು ಸ್ಟೇಶನ್ ಮಾಸ್ತರು.

"ಟಿಕೀಟು ಬ್ಯಾಡ್ರಿ. ಸಂಜಿ ರೈಲು ಜಲ್ದಿ ಬರಬೇಕು."

"ಯಾರು ಬರೋರಿದ್ದಾರ? ಮಗನೇನು?"

"ಇಲ್ಲರಿ, ನೀರು."

ಮಾಸ್ತರು ಆಕಿ ಮಾರಿ ನೋಡಿದ್ರು, ಮರುಗಿದ್ರು, ಹೂಜಿ ಬಗ್ಗಿಸಿ ಒಂದು ಲೋಟಾ ನೀರು ಕೊಟ್ರು. ಮುದುಕಿ ಕುಡದು ಬಾಯಿ ಒರಸಿಕೊಂಡು ಅಂದ್ಲು, "ನನಗಾತಪ್ಪಾ, ಭತ್ತಕ್ಕ?"

ಪಟೇಲ್ರ ಕೋಳಿ

ಮುದುಕಿ ಸುಮ್ಮ ಕೂಡೋ ಪೈಕಿ ಅಲ್ಲ. ನಮ್ಮೂರ ತಿರುವಿನಾಗ ಎಂಜಿನ್ ಮೆಲ್ಲಗ ಆಗತಿತ್ತು. ಅಲ್ಲಿ ನಿಂತು ಡ್ರೈವರಗ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಗಂಟು ಕಟ್ಟಿ ಕೊಡಾಕ ಹತ್ತಿದ್ಲು. ಪಾಪ, ಅವನೂ ಉಪ್ಪಿನ ಋಣಕ್ಕ ದೂರದಿಂದನೇ ಕೂಗತಿದ್ದ.

ಪಟೇಲ್ರಿಗಿ ಹೊಟ್ಟಿ ಉರೀತು. "ರೊಟ್ಟಿಗಿ ಇಷ್ಟು ಕೂಗಿದ್ರ ಕೋಳಿಗಿ ಎಷ್ಟು ಸುಮ್ಮ ಕುಂತಾನು!" ಅಂತ ಲೆಕ್ಕ ಹಾಕಿ, ಆಳಿನ ಕೈಲಿ ಹಿಂದಿನ ಸ್ಟೇಶನ್ನಿಗಿ ಕೋಳಿ ಸಾರು ಕಳಿಸಿದ್ರು. ಕುಂತು ಉಣ್ಣಲಿ, ರೈಲು ತಡ ಆಗಲಿ ಅಂತ. ಡ್ರೈವರ್ ಬುತ್ತಿ ಎಂಜಿನ್‌ದಾಗೇ ಇಟ್ಕೊಂಡು, ಉಣಕೋತ ಬಂದ. ದೂರದಾಗ ಹೊಲದ ಬದುವಿಗಿ ಪಟೇಲ್ರು ನಿಂತಿದ್ದು ಕಂಡ. ಉಂಡ ಬಾಯಿ ಸುಮ್ಮ ಇರತದೇನ್ರಿ? ಸಲಾಂ ಹೊಡದಂಗ ಅಲ್ಲಿಂದನೇ ಕೂಗಿದ, ಊರು ದಾಟೋ ತನಕ ಬಿಡದೆ ಕೂಗಿದ. ಅಷ್ಟು ಜಲ್ದಿ ನಾ ಎಂದೂ ಕಲ್ಲು ತಿರುವಿದ್ದಿಲ್ಲ. ಕೋಳಿ ಪಟೇಲ್ರದು, ನೀರು ಮುದುಕಿದು!

ಪಟೇಲ್ ರೈಲು

ಅದೇ ವರ್ಷ ಬ್ಯಾಸಗಿ ಬೆಳಿ. ಮೇಲಿನ ಊರಿನ ಭತ್ತ ಹಣ್ಣಾಗಿ ಕೊಯ್ಲಿಗಿ ಬಂದಿತ್ತು, ನೀರು ಬೇಕಿದ್ದಿಲ್ಲ. ಆದ್ರೂ ಪಟೇಲ್ರು, "ಹಕ್ಕಿನ ನೀರು ಬಿಡಬಾರದು" ಅಂತ ಸ್ವಲ್ಪ ಸ್ವಲ್ಪ ತಕ್ಕೊಂತಿದ್ರು. ಮುದುಕಿ ಭತ್ತಕ್ಕ ಆಗಷ್ಟೇ ಹಾಲು ತುಂಬತಿತ್ತು. "ಇವತ್ತು ನೀರು ಕಾಣದಿದ್ರ ತೆನಿ ಎಲ್ಲಾ ಜೊಳ್ಳು, ತಮ್ಮಾ. ವರ್ಷದ ಕೂಳು ಹೋತು" ಅಂತ ನನ್ನ ಕಲ್ಲಿನ ಮಗ್ಗಲಿಗಿ ಕುಂತು ಕಣ್ಣೀರು ಹಾಕಿದ್ಲು.

ಅವತ್ತು ರೈಲು ಬರೋ ದಾರಿಯಾಗ, ಧಾರೂರ ಕಡಿ ಅಕಾಲ ಮಳಿ ಜಪ್ಪಿತ್ತು. ರೈಲು ಅಲ್ಲೇ ಎಲ್ಲೋ ನಿಂತು ಬಿಡ್ತು. ಆ ಮಳಿ ನೀರು ನಮ್ಮ ಕೆರಿಗಿ ಬಂದು, ಕಾಲುವಿ ಧೋ ಅಂತ ಹರೀತು. ಹರದದ್ದು ಎಲ್ಲಿಗಿ? ಮೇಲಿನ ಊರಿನ ಹಣ್ಣಾದ ಭತ್ತಕ್ಕ!

ಪಟೇಲ್ರು ತಲಿ ಪಟಕಾ ಕೈಯಾಗ ಹಿಡಕೊಂಡು ಓಡಿ ಬಂದ್ರು. "ತಿರುವೋ ನೀರು! ಬೆಳಿ ಮಲಗಾಕತ್ತದ!"

"ರೈಲು ಕೂಗಿಲ್ಲರಿ."

"ನಾ ಹೇಳತೀನಿ, ತಿರುವು!"

"ಹಂಗಾದ್ರ ಹೋಳಿಗಿ ನಿಮ್ಮವೇನ್ರಿ?"

ಎಂಜಲ ಕೈಲಿ ಕಾಗಿ ಹೊಡಿಯದ ಮನುಷ್ಯಾ, ಎರಡು ಊರಿಗಿ ಹೋಳಿಗಿ ಹಾಕತಾನೇನು? ಮುದುಕಿ ಕಣ್ಣು ಒರಸಿಕೊಂಡು ಎದ್ದು ನಿಂತ್ಲು. "ಆಣಿಯಾಗ ಯಾವ ರೈಲು ಅಂತ ಹೇಳಿಲ್ಲಲ್ಲ ಪಟೇಲ್ರ? ನೀವೇ ರೈಲಾಗಿ ಕೂಗ್ರಿ."

ಪಟೇಲ್ರು ಆ ಕಡಿ ಈ ಕಡಿ ನೋಡಿ, ಸಣ್ಣಗ "ಕೂ" ಅಂದ್ರು.

"ಇದು ಕೋಗಿಲಿ ಆತು. ರೈಲು ನಿಂತು ಕೂಗತದೇನ್ರಿ? ಓಡಬೇಕು."

ಗದ್ದಿಯಾಗ ನೀರು ಏರಾಕತ್ತಿತ್ತು. ಪಟೇಲ್ರು ಧೋತರ ಮ್ಯಾಲ ಕಟ್ಟಿ ಕೆರಿ ಕಟ್ಟಿ ಮ್ಯಾಲ ಓಡಿದ್ರು ನೋಡ್ರಿ! "ಭುಸ್ ಭುಸ್ ಭುಸ್, ಕೂಊಊ!" ಕೊಯ್ಲಿಗಿ ಬಂದ ಆಳುಗಳು, "ಡಬ್ಬಿ ಇಲ್ಲದ ರೈಲು ಚಂದ ಕಾಣಂಗಿಲ್ಲರಿ" ಅಂತ ಹಿಂದ ಹಿಂದ ಒಬ್ಬರ ನಡ ಒಬ್ಬರು ಹಿಡಕೊಂಡು ಜೋಡಾದ್ರು. ನಾ ನಗು ತಡಿಲಾರದೆ ಕಲ್ಲು ಎತ್ತಿ ಮೇಲಿನ ಊರಿನ ಬಾಯಿಗಿ ಇಟ್ಟೆ. ನೀರು ಕೆಳಗಿನ ಊರಿಗಿ ನುಗ್ಗಿತು. ಮುದುಕಿ ಸೀರಿ ನಿರಿಗಿ ಎತ್ತಿಕೊಂಡು ನೀರಿನ ಜೋಡಿ ತಾನೂ ಓಡಿದ್ಲು, ಹುಡುಗಿ ಹಂಗ.

ಪಟೇಲ್ರು ಏದುಸಿರು ಬಿಡಕೋತ ನನ್ನ ಹತ್ತರ ಬಂದು ಕುಂತ್ರು. ಅಷ್ಟರಾಗ ದೂರದಾಗ ಖರೇ ರೈಲು ಕೂಗಿತು. ಪಟೇಲ್ರ ಮಾರಿ ನೋಡೋ ಹಂಗಿತ್ತು.

ಗದ್ದಿಯಾಗ ಮೊಣಕಾಲ ತನಕ ಕೆಸರಾಗ ನಿಂತ ಮುದುಕಿ ಅಲ್ಲಿಂದನೇ ಒದರಿದ್ಲು: "ನೋಡಿದ್ರ್ಯಾ ಪಟೇಲ್ರ? ಸರ್ಕಾರಿ ರೈಲು ಇವತ್ತೂ ತಡಾನೇ. ಹೊತ್ತಿಗಿ ಬಂದಿದ್ದು ನಿಮ್ಮದೊಂದೇ!"