ಮೊಟ್ಟೆ ಒಡೀಲಾ, ಬುಡ್ಲಾ?

ಮನೆ ಗಾವಡಗೆರೆ ಕಡೆ, ಹುಣಸೂರಿನಲ್ಲಿ ನನ್ನದೊಂದು ಮೋಟರ್ ರಿಪೇರಿ ಅಂಗಡಿ. ಪಂಪ್‌ಸೆಟ್, ಮಿಕ್ಸಿ, ಫ್ಯಾನು, ಸುಟ್ಟುಹೋದದ್ದು ಏನಿದ್ದರೂ ತರುತ್ತಾರೆ. ಮೂಸಿ ನೋಡಿಯೇ ಏನಾಗಿದೆ ಅಂತ ಹೇಳಬಲ್ಲೆ. ಇಂಥ ನಾನು ಯಾರೋ ಕೇಳಿದರು ಅಂತ ಒಂದು ಥರ್ಮಾಕೋಲ್ ಡಬ್ಬಕ್ಕೆ ಬಲ್ಬು, ಸಣ್ಣ ಫ್ಯಾನು, ಶಾಖ ತೋರಿಸುವ ಮೀಟರು ಕೂರಿಸಿ, ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಮಾಡಿಕೊಟ್ಟೆ ನೋಡಿ, ಅವತ್ತಿಂದ ತಲೆ ಕೆಟ್ಟು ಗೊಬ್ಬರವಾಗಿದೆ. ಈ ಪೆಟ್ಟಿಗೆ ಒಯ್ದವರ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗದೆ ಮರಿ ಹೊರಗೆ ಬರುವುದೇ ಇಲ್ಲ, ಆದದ್ದೆಲ್ಲ ನನ್ನ ಫೋನಿಗೇ ಬಂದು ಬೀಳುತ್ತದೆ.

ಮೊಟ್ಟೆ ಇಟ್ಟು ಮೂರು ವಾರ ಯಾರೂ ನನ್ನನ್ನು ನೆನೆಯುವುದಿಲ್ಲ. ಒಳಗಿಂದ ಮರಿ ಕುಕ್ಕಿ ಸಣ್ಣ ತೂತು ಬಿತ್ತೋ, ಶುರು. ಮರಿ ಕೊಕ್ಕು ತೋರಿಸಿ, ಎರಡು ಸಲ ಚಿಂವ್ ಅಂದು, ಆಮೇಲೆ ಗಂಟೆಗಟ್ಟಲೆ ಸುಮ್ಮನಾಗಿಬಿಡುತ್ತದೆ. ಸುಸ್ತಾಗಿ ಮಲಗಿದೆಯೋ, ಸಾಯುತ್ತಿದೆಯೋ ಹೊರಗಿನವರಿಗೆ ತಿಳಿಯದು. ಆಗ ಎಲ್ಲರದೂ ಒಂದೇ ಪ್ರಶ್ನೆ: "ಅಣ್ಣ, ಒಡೀಲಾ, ಬುಡ್ಲಾ?"

ನನಗೇನು ಗೊತ್ತು? ನಾನು ಬಲ್ಬು ಇಟ್ಟವನು, ಮೊಟ್ಟೆ ಇಟ್ಟವನಲ್ಲ.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣ, ಹೋದ ವಾರ ಅದೇ ಪ್ರಶ್ನೆ ನನ್ನ ಮನೆಯೊಳಗಿಂದಲೇ ಬಂತು. ನನ್ನ ಹೆಂಡತಿ ಸಾಲಿಗ್ರಾಮದ ತವರಿನಿಂದ ತಂದಿದ್ದ ನಾಟಿ ಹ್ಯಾಟೆಕೋಳಿ ಕಾವಿಗೆ ಕೂತಿದ್ದಾಗಲೇ ನಾಯಿಯ ಬಾಯಿಗೆ ಹೋಯಿತು. ಅವಳ ಅವ್ವ ಮುದ್ದಿನಿಂದ ಸಾಕಿ ಕೊಟ್ಟ ಕೋಳಿ. ಫೋನು ಮಾಡಿದಾಗಲೆಲ್ಲ ಮಗಳಿಗಿಂತ ಮೊದಲು ಕೋಳಿಯ ಕ್ಷೇಮ ವಿಚಾರಿಸುತ್ತಿದ್ದರು. ಇವಳು ಉಳಿದ ಮೊಟ್ಟೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಬಂದು, "ಒಂದು ಮರಿನಾದ್ರೂ ಕೈಲಿಟ್ಕೊಂಡೇ ನಮ್ಮವ್ವಂಗೆ ಹೇಳೋದು ಕಣ್ರೀ. ಊರಿಗೆಲ್ಲ ಮರಿ ಮಾಡ್ತದಲ್ಲ ನಿಮ್ ಪೆಟ್ಗೆ, ನಮ್ಗೂ ಮಾಡ್ಲಿ" ಅಂದಳು. ಅದೇನಾಯಿತು ಅಂತ ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಈ ವಿಷಯದಲ್ಲಿ ನನ್ನ ಅನುಭವ ಎಂಥದ್ದು ಅನ್ನುವುದು ನಿಮಗೆ ತಿಳಿದಿರಲಿ.

ವಾರಂಟಿ

ಕೆ.ಆರ್. ನಗರದ ಮೇಷ್ಟ್ರೊಬ್ಬರು ಶಾಲೆಯ ಮಕ್ಕಳಿಗೆ ತೋರಿಸಲೆಂದು ಪೆಟ್ಟಿಗೆ ಒಯ್ದಿದ್ದರು. ಮೊಟ್ಟೆಯನ್ನು ಬಾಣಲೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದ ಮನುಷ್ಯರಲ್ಲ. ಒಂದು ಬೆಳಿಗ್ಗೆ ಫೋನು ಬಂತು.

"ಏನ್ರೀ, ನಿಮ್ಮ ಪೆಟ್ಟಿಗೆಯಲ್ಲಿ ಶಾಖ ಜಾಸ್ತಿಯಾಗಿ ಮೊಟ್ಟೆ ಬಿರುಕು ಬಿಟ್ಟಿದೆ. ವಾರಂಟಿ ಇದೆ ಅಂದಿದ್ರಿ ತಾನೆ?"

"ಸಾ, ಅದು ಬಿರುಕಲ್ಲ. ಮರಿ ಒಳಗಿಂದ ಕುಕ್ತಾ ಅದೆ."

"ನನಗೇ ಪಾಠ ಹೇಳ್ತೀರಾ? ಮೊಟ್ಟೆ ಕಾಪಾಡಲಿ ಅಂತ ಪೆಟ್ಟಿಗೆ ತಗೊಂಡಿದ್ದು. ಒಡೆಯೋದಕ್ಕೆ ನಾನೇ ಸಾಕಾಗಿತ್ತು. ಸದ್ಯಕ್ಕೆ ಟೇಪು ಅಂಟಿಸಿ ಮುಚ್ಚಿದ್ದೀನಿ."

ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬಿದ್ದುಹೋಯಿತು. "ಸಾ, ತೆಗೀರಿ! ಮೊದ್ಲು ಟೇಪು ತೆಗೀರಿ! ಅದಕ್ಕೆ ಉಸಿರು ಕಟ್ತದೆ!" ಅಂತ ನಾನು ಕೂಗಿದ ಕೂಗಿಗೆ ಪಕ್ಕದ ಟೈಲರ್ ಅಂಗಡಿಯವರು ಎದ್ದು ಬಂದರು. ಮೇಷ್ಟ್ರು ಗೊಣಗುತ್ತಲೇ ಟೇಪು ಕಿತ್ತರು. ಕಿತ್ತ ಟೇಪಿಗೆ ಚಿಪ್ಪಿನ ಚೂರೂ ಅಂಟಿಕೊಂಡು ಬಂತಂತೆ. ಆಮೇಲೆ ಬೇರೆಯದೇ ದನಿ, "ಅಯ್ಯೋ ರೀ, ಒಳಗೆ ಯಾರೋ ಇದ್ದಾರೆ!"

ಮಧ್ಯಾಹ್ನದ ಹೊತ್ತಿಗೆ ಮರಿ ಹೊರಗೆ ಬಂತು. ಸಂಜೆ ಮತ್ತೆ ಅವರದೇ ಫೋನು. ಧನ್ಯವಾದ ಹೇಳುತ್ತಾರೆ ಅಂತ ಎತ್ತಿಕೊಂಡೆ.

"ರೀ, ಮಿಕ್ಕ ಮೊಟ್ಟೆಗಳು ಬಿರುಕೇ ಬಿಡ್ತಾ ಇಲ್ಲ. ವಾರಂಟಿ ಇದೆ ತಾನೆ?"

ಮೊದಲನೇ ದರ್ಜೆ

ಎರಡನೆಯವರು ಹಾರನಹಳ್ಳಿ ಕಡೆಯ ಹೊಗೆಸೊಪ್ಪಿನ ರೈತರೊಬ್ಬರು. ಶಾಖದ ವಿಷಯದಲ್ಲಿ ಅವರಿಗೆ ಹೇಳಿಕೊಡಲು ನಾನು ಯಾರು? ಸೊಪ್ಪು ಬೇಯಿಸುವ ಬ್ಯಾರನ್‌ನ ಕಿಂಡಿಯಲ್ಲಿ ಒಮ್ಮೆ ಇಣುಕಿದರೆ ಸಾಕು, ಎಲೆ ಯಾವ ಹದದಲ್ಲಿದೆ ಅಂತ ಹೇಳುವ ಜನ. ಎಲೆ ಹಳದಿಗೆ ತಿರುಗುವವರೆಗೆ ಸಣ್ಣ ಶಾಖ, ತಿರುಗಿದ ಮೇಲೆ ಜಾಸ್ತಿ, ಎಲೆಯ ನಡುವಿನ ಕಡ್ಡಿ ಒಣಗುವುದಕ್ಕೆ ಇನ್ನೂ ಜಾಸ್ತಿ. ಅದೇ ವಿದ್ಯೆಯನ್ನು ಅವರು ಮೊಟ್ಟೆಗೂ ಹಾಕಿದ್ದರು.

"ಅಣ್ಣ, ತೂತು ಬಿದ್ದು ನಿನ್ನೆಗೇ ಆಯ್ತು. ಮರಿ ಬತ್ತಾ ಇಲ್ಲ. ಒಡೀಲಾ, ಬುಡ್ಲಾ?" ಅಂತ ಕೇಳಿದರು. ಪಕ್ಕದ ಊರಿನಲ್ಲೇ ಪಂಪ್‌ಸೆಟ್ ಕೆಲಸವಿತ್ತು, ಹೋಗಿ ನೋಡಿದೆ. ಪೆಟ್ಟಿಗೆಯ ಶಾಖ ಏರಿಸಿದ್ದಾರೆ, ಗಾಳಿಯಾಡಲಿ ಅಂತ ಮುಚ್ಚಳ ಓರೆ ಮಾಡಿದ್ದಾರೆ. ಚಿಪ್ಪಿನ ಒಳಗಿನ ಪೊರೆ ಒಣಗಿ ಕಾಗದದಂತಾಗಿ ಮರಿಯ ಮೈಗೆ ಅಂಟಿಕೊಂಡಿದೆ.

"ಯಾಕಣ್ಣ ಶಾಖ ಏರಿಸಿದ್ರಿ?"

"ಮರಿ ಹಸಿಯಾಗಿತ್ತು. ಕಡ್ಡಿ ಒಣಗ್ಲಿ ಅಂತ."

"ಮರಿಗೆ ಎಲ್ಲಿಯ ಕಡ್ಡಿ?"

"ಕಾಲು ಅವಲ್ಲಣ್ಣ!"

ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನು ಹಚ್ಚಿದೆ. "ಶಾಖ ಇಳಿಸಿ, ತೇವ ಕೊಡಿ. ಪೊರೆಯಲ್ಲಿ ರಕ್ತದ ಗೆರೆ ಕಂಡರೆ ಮುಟ್ಟಬೇಡಿ. ಕಾಣದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಸ್ವಲ್ಪ ಸ್ವಲ್ಪವೇ ಬಿಡಿಸಿ" ಅಂದರು. ರೈತರ ಮುಖ ಅರಳಿತು. "ಅಂಗನ್ನಿ ಮತ್ತೆ! ಬೇಯ್ಸಿದ್ ಸೊಪ್ಪು ಪುಡಿ ಆಗ್ದಂಗೆ ತೇವಕ್ಕೆ ಬುಡಲ್ವಾ, ಅಂಗೆ!" ಅಂತ ಅವರೇ ಕೂತು, ಎಲೆ ಬಿಡಿಸುವ ನಾಜೂಕಿನಲ್ಲಿ ಪೊರೆ ಬಿಡಿಸಿದರು.

ಹೊರಗೆ ಬಂದ ಮರಿ ಒಣಗಿದ ಮೇಲೆ ನೋಡಿದರೆ ಅಪ್ಪಟ ಅರಿಶಿನದ ಬಣ್ಣ. ರೈತರು ಅದನ್ನು ಅಂಗೈ ಮೇಲೆ ಇಟ್ಟು, ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು.

"ಈ ವರ್ಷ ನಮ್ ಬ್ಯಾರನ್‌ನಾಗೆ ಇಂಥ ಕಲರ್ ಒಂದ್ಸಲನೂ ಬರ್ಲಿಲ್ಲ ಕಣಣ್ಣ. ಅರಾಜಿಗೆ ಇಟ್ರೆ ಇದು ಮೊದಲ್ನೇ ದರ್ಜೆ."

ಬೇಕರಿಯವರು

ಪಿರಿಯಾಪಟ್ಟಣದ ಬೇಕರಿಯವರದು ಸಣ್ಣ ಕಥೆ, ನನಗೆ ಮಾತ್ರ ದೊಡ್ಡ ಪೆಟ್ಟು. ತೂತು ಬಿದ್ದ ಕೂಡಲೆ ಫೋನು ಮಾಡಿದರು. ಬ್ಯಾರನ್ ರೈತರ ಮರಿ ಉಳಿದ ಹುಮ್ಮಸ್ಸಿನಲ್ಲಿ ನಾನು ದೊಡ್ಡ ಡಾಕ್ಟರಂತೆ "ಸ್ವಲ್ಪ ಬಿಡಿಸಿ" ಅಂದೆ. ಬಿಡಿಸಿದರು. ರಕ್ತ ಬಂತು, ಮರಿ ಉಳಿಯಲಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ. ಮುಂದಿನ ಸಲ "ಏನೇ ಆಗಲಿ ಮುಟ್ಟಬೇಡಿ" ಅಂದೆ. ಮುಟ್ಟಲಿಲ್ಲ. ಆ ಮರಿ ಒಳಗೇ ಹೋಯಿತು.

ಮೂರನೇ ಸಲ ಫೋನೇ ಬರಲಿಲ್ಲ. ಮನಸ್ಸು ತಡೆಯದೆ ನಾನೇ ಮಾಡಿ ವಿಚಾರಿಸಿದೆ.

"ಎಲ್ಲಾ ಮರಿನೂ ಚೆನ್ನಾಗಿ ಆಚೆ ಬಂದ್ವು ಸಾ" ಅಂದರು ಅವರು. "ಈ ಸಲ ನಿಮ್ಮನ್ನ ಕೇಳಲಿಲ್ಲ."

ಅತ್ತೆ, ಸೊಸೆ

ಆಮೇಲೆ ನಾನೊಂದು ಉಪಾಯ ಹೂಡಿದೆ. ಕೇಳುವವರ ದನಿಯಲ್ಲೇ ಅವರಿಗೆ ಬೇಕಾದ ಉತ್ತರ ಇರುತ್ತದೆ, ಅದನ್ನೇ ವಾಪಸು ಹೇಳಿಬಿಡುವುದು. ತಪ್ಪಾದರೆ ಇಬ್ಬರದೂ ತಪ್ಪು.

ಎಚ್.ಡಿ. ಕೋಟೆಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. "ಅಣ್ಣ, ಪಾಪ ಒದ್ದಾಡ್ತಾ ಅದೆ. ಒಸಿ ಚಿಪ್ಪು ತೆಗ್ದುಬುಡ್ಲಾ?" ದನಿಯಲ್ಲಿ ಅಳು ಇತ್ತು. "ಹುಷಾರಾಗಿ ತೆಗೀರಮ್ಮ" ಅಂದೆ. ಸ್ವಲ್ಪ ಹೊತ್ತಿಗೆ ಕೋಟೆಯಿಂದಲೇ ವಯಸ್ಸಾದ ಹೆಂಗಸಿನ ಫೋನು. "ಅದ್ರ ಪಾಡಿಗೆ ಅದು ಬರ್ಬೇಕು ಅಲ್ವೇನಪ್ಪ? ಕೈ ಹಾಕ್ಬಾರ್ದು ಅಲ್ವಾ?" ಗದರುವ ದನಿ. "ಮುಟ್ಟಲೇಬಾರದು ಕಣಮ್ಮ" ಅಂದೆ. ಒಂದೇ ದಿನ ಇಬ್ಬರನ್ನು ಸಮಾಧಾನ ಮಾಡಿದೆನಲ್ಲ ಅಂತ ಒಂದು ಟೀ ಕುಡಿದೆ.

ಟೀ ಮುಗಿಯುವುದರೊಳಗೆ ಮತ್ತೆ ಫೋನು. ಈ ಸಲ ಎರಡೂ ದನಿ ಒಟ್ಟಿಗೆ. ಅವರಿಬ್ಬರೂ ಅತ್ತೆ ಸೊಸೆ, ಮನೆ ಒಂದು, ಮೊಟ್ಟೆಯೂ ಒಂದು.

"ಅವ್ಳಿಗೆ ತೆಗಿ ಅಂದ್ಯಂತೆ?"

"ನಮ್ಮತ್ತೆಗೆ ಮುಟ್ಬೇಡಿ ಅಂದ್ರಂತೆ?"

ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು, ಬೈದರು ನೋಡಿ, ಜನ್ಮ ಜಾಲಾಡಿಬಿಟ್ಟರು. ಆ ಗಲಾಟೆಯಲ್ಲಿ ಮೊಟ್ಟೆಯನ್ನು ಇಬ್ಬರೂ ಮರೆತಿದ್ದರು, ಮರಿ ತಾನಾಗಿ ಹೊರಗೆ ಬಂದು ಕೂತಿತ್ತು.

ಮಾರನೆಯ ದಿನ ಆ ಮನೆಯ ಯಜಮಾನರು ಫೋನು ಮಾಡಿ ಮೆಲ್ಲಗೆ ಹೇಳಿದರು. "ಅಣ್ಣ, ಇವ್ರಿಬ್ರೂ ಮಾತು ಬುಟ್ಟು ತಿಂಗಳಾಗಿತ್ತು. ನೆನ್ನೆಯಿಂದ ಒಟ್ಗೆ ಕೂತು ನಿಮ್ಮನ್ನ ಬಯ್ತಾ ಅವ್ರೆ. ಮನೆ ತಣ್ಗದೆ. ಮುಂದಿನ್ ಸಲನೂ ಇಂಗೇ ಏನಾರ ತಪ್ ಹೇಳಿ ಕಣಣ್ಣ."

ನಮ್ಮ ಮನೆ

ಇಷ್ಟು ಅನುಭವಸ್ಥನ ಮನೆಯಲ್ಲಿ ಹೋದ ವಾರ ಒಂದು ಮೊಟ್ಟೆಗೆ ತೂತು ಬಿತ್ತು. ಟಾರ್ಚ್ ಹಿಡಿದು ನೋಡಿದಾಗಲೇ ಗೊತ್ತಾಗಿತ್ತು, ಅಷ್ಟು ಮೊಟ್ಟೆಯಲ್ಲಿ ಜೀವ ಇದ್ದದ್ದು ಇದೊಂದರಲ್ಲೇ. ತೂತು ಬಿದ್ದು ಒಂದು ಹಗಲು, ಒಂದು ರಾತ್ರಿ ಕಳೆಯಿತು. ಬೆಳಿಗ್ಗೆ ಮರಿಯ ದನಿ ಕ್ಷೀಣವಾಯಿತು. ಹೆಂಡತಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತವಳು ಏಳಲಿಲ್ಲ.

"ರೀ, ಒಡೀಲಾ, ಬುಡ್ಲಾ?"

ಒಡಿ ಅಂದರೆ ಬೇಕರಿಯವರ ಮೊದಲನೇ ಮರಿ ಕಣ್ಣ ಮುಂದೆ ಬರುತ್ತದೆ, ಬಿಡು ಅಂದರೆ ಎರಡನೆಯದು.

"ಊರಿಗೆಲ್ಲ ಹೇಳ್ತೀರಿ, ನಂಗೇಳಕ್ಕೆ ಏನು?" ಅಂದಳು. ಪಶು ಆಸ್ಪತ್ರೆಗೆ ಫೋನು ಹಚ್ಚಿದೆ.

ಡಾಕ್ಟರು ಫೋನು ಎತ್ತಲಿಲ್ಲ. ಎಲ್ಲರೂ ಕೇಳುವುದು ನನ್ನನ್ನು, ನಾನು ಯಾರನ್ನು ಕೇಳಲಿ? ನಾಚಿಕೆ ಬಿಟ್ಟು ನನ್ನನ್ನು ಕೇಳಿದವರನ್ನೇ ಕೇಳಿದೆ. ಮೇಷ್ಟ್ರು, "ನಿಮ್ಮದೇ ಪೆಟ್ಟಿಗೆ, ನಿಮಗೆ ನೀವೇ ವಾರಂಟಿ ಕೊಟ್ಟುಕೊಂಡಿದ್ದೀರಾ?" ಅಂದರು. ಬ್ಯಾರನ್ ರೈತರು, "ಬಣ್ಣ ಏನು ಕಾಣ್ತದೆ ಹೇಳಿ" ಅಂದರು. ಕೋಟೆಯ ಅತ್ತೆ, "ಮುಟ್ಬೇಡ" ಅನ್ನುತ್ತಿದ್ದಂತೆ ಸೊಸೆ ಫೋನು ಕಿತ್ತುಕೊಂಡು, "ತೆಗೀರಿ ಅಣ್ಣ" ಅಂದಳು. ನಮ್ಮ ಕೋಳಿ ಸತ್ತ ಕಥೆಯನ್ನೆಲ್ಲ ಅವರಿಗೆ ಹೇಳುತ್ತಾ ನಿಂತೆ.

"ಆ ಫೋನ್ ಮಡಗ್ರಿ!" ಅಂತ ಗದರಿದಳು ನನ್ನವಳು. ಅಷ್ಟರಲ್ಲಿ ಬಿಸಿನೀರಿಗೆ ಬಟ್ಟೆ ಅದ್ದಿ ತಂದಿದ್ದಳು. "ನಮ್ ಕೋಳಿ ಕಾವಿಗೆ ಕೂತಾಗ ಮೊಟ್ಟೆ ಜೊತೆ ಮಾತಾಡ್ತಾ ಇರ್ತಿತ್ತು. ಈ ಪೆಟ್ಗೆನಾಗೆ ಅದ್ರ ಜೊತೆ ಯಾರು ಮಾತಾಡ್ತಾರೆ? ಬಲ್ಬಾ? ನೀವು ಕೂಗ್ರಿ."

"ನಾನಾ? ನೀನೇ ಕೂಗು."

"ನಂಗೆ ಬಾಯಿ ತೆಗುದ್ರೆ ಅಳು ಬತ್ತದೆ ಕಣ್ರೀ."

ಪೆಟ್ಟಿಗೆಗೆ ಬಾಯಿಟ್ಟು, ನಾಚಿಕೆಗೆ ಕಣ್ಣು ಮುಚ್ಚಿಕೊಂಡು, "ಲೊಕ್... ಲೊಕ್... ಲೊಕ್..." ಅಂದೆ. ಒಳಗಿಂದ ಸಣ್ಣಗೆ ಚಿಂವ್ ಅಂತ ಬಂತು. ಇನ್ನೂ ಜೋರಾಗಿ ಕೂಗಿದೆ. ಆಗ ಮೂಲೆಯಲ್ಲಿ ನಾನು ಇಟ್ಟಿದ್ದ ಫೋನಿನಿಂದ ಕೋಟೆಯ ಅತ್ತೆಯ ದನಿ, "ಕೋಳಿ ಸತ್ತೋಯ್ತು ಅಂದ್ಯಲ್ಲಪ್ಪ, ಚೆನ್ನಾಗೇ ಕೂಗ್ತಾ ಅದಲ್ಲ!" ಫೋನು ಆರಿಸುವುದನ್ನೇ ಮರೆತಿದ್ದೆ.

ಗಂಟಲು ಕಟ್ಟುವವರೆಗೆ ಕೂಗಿದೆ. ಕಣ್ಣು ಬಿಟ್ಟಾಗ ಮರಿ ಹೊರಗಿತ್ತು, ಒದ್ದೆಮುದ್ದೆ, ಕತ್ತು ಎತ್ತಲಾರದೆ, ಆದರೂ ಬದುಕಿತ್ತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೂ ಕಣ್ಣು ತುಂಬಿತು.

"ನೀನು ಒಡೆದೆಯಾ, ಅದೇ ಬಂತಾ?" ಅಂತ ಕೇಳಿದೆ. ಮುಂದೆ ಯಾರಿಗಾದರೂ ಹೇಳಲು ಬೇಕಲ್ಲ.

"ನಿಮ್ ಕೂಗು ತಡೀಲಾರ್ದೆ ಬಂತು" ಅಂದಳೇ ಹೊರತು ನಿಜ ಇವತ್ತಿಗೂ ಹೇಳಿಲ್ಲ.

ಈಗ ಸಮಸ್ಯೆ ಬೇರೆ. ಮರಿ ಅವಳ ಹತ್ತಿರ ಹೋಗುವುದಿಲ್ಲ. ನುಚ್ಚು ಹಾಕುವವಳು ಅವಳು, ಅದು ಓಡಿ ಬರುವುದು ನನ್ನ ದನಿಗೆ. ನಾನು ಕೂತರೆ ಪಂಚೆಯ ಕೆಳಗೆ ನುಗ್ಗುತ್ತದೆ, ಎದ್ದರೆ ಮನೆ ಹಾರಿಹೋಗುವಂತೆ ಅಳುತ್ತದೆ. ನಿನ್ನೆ ಬೆಳಿಗ್ಗೆ ಅವಳು ಕೊನೆಗೂ ಧೈರ್ಯ ಮಾಡಿ, ಮರಿಯನ್ನು ಕೈಯಲ್ಲಿ ಹಿಡಿದುಕೊಂಡು ಸಾಲಿಗ್ರಾಮಕ್ಕೆ ಫೋನು ಮಾಡಿದಳು. ನಾನು ಅಂಗಡಿಗೆ ಹೊರಟವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.

"ಅವ್ವ, ನಮ್ ಕೋಳಿ ಹೋಯ್ತು ಕಣವ್ವ... ಊಂ, ನಾಯಿ... ಅಳ್ಬೇಡ ಸುಮ್ನಿರು, ಒಂದು ಮರಿ ಉಳೀತು. ಚೆನ್ನಾಗದೆ... ತಾಯಿ ಇಲ್ದೆ ಎಂಗೆ ಬದುಕ್ತದೆ ಅಂತೀಯಾ?" ಅಂದವಳು ನನ್ನ ಕಡೆ ತಿರುಗಿ, ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು.

"ತಾಯಿ ಅವ್ರೆ ಕಣವ್ವ. ಈಗ ಮೋಟರ್ ರಿಪೇರಿಗೆ ಹೊಂಟವ್ರೆ, ಚಪ್ಲಿ ಮೆಟ್ಕೋತಾ ಅವ್ರೆ."