ಹೇಳದೆ ಇಟ್ಟಿದ್ದ ಹೆಸರು

ಪಾರ್ಶ್ವವಾಯು ಬಡಿದು ಮಾತು ನಿಂತವರಿಗೆ ಮತ್ತೆ ಮಾತು ಬರಿಸುವುದು ನನ್ನ ಕೆಲಸ. ವಾರವೆಲ್ಲ ಹಿಂದೂಪುರ, ಗುರುವಾರ ಮಾತ್ರ ಕಲ್ಯಾಣದುರ್ಗ. ಮಿದುಳು ಮಾತನ್ನು ಹೇಗೆ ಜೋಡಿಸುತ್ತದೆ ಎಂದು ಪುಸ್ತಕ ಓದಿ ಪಾಸಾದವಳು ನಾನು. ಆದರೂ ನನ್ನ ರೋಗಿಗಳು ಆಗಾಗ ನನ್ನನ್ನು ಒಂದನೇ ಕ್ಲಾಸಿಗೆ ಕೂರಿಸುತ್ತಲೇ ಇರುತ್ತಾರೆ.

ಹುಣಸೆಹಣ್ಣು

ಹಿಂದೂಪುರದ ಹುಣಸೆ ವ್ಯಾಪಾರಿಯೊಬ್ಬರಿಗೆ ಚಿತ್ರ ತೋರಿಸಿ ಹೆಸರು ಹೇಳಿಸುತ್ತಿದ್ದೆ. ಬೆಕ್ಕು, ಕೊಡೆ, ಬೀಗ ಎಲ್ಲ ತಡವರಿಸಿಯಾದರೂ ಹೇಳಿದರು. ಹುಣಸೆಹಣ್ಣಿನ ಚಿತ್ರ ಬಂದಾಗ ಸುಮ್ಮನಾಗಿಬಿಟ್ಟರು. ಜೀವಮಾನವೆಲ್ಲ ಮಾರಿದ ಹಣ್ಣಿನ ಹೆಸರೇ ಹೋಯಿತಲ್ಲ ಎಂದು ನನಗೆ ಸಂಕಟವಾಯಿತು. "ವಸ್ತು ಗೊತ್ತಿರುತ್ತೆ, ಅದರ ಹೆಸರಿನ ಸದ್ದು ಮಾತ್ರ ಬಾಯಿಗೆ ಬರಲ್ಲ, ಹೆದರಬೇಡಿ" ಎಂದೆ.

ಅವರು ಚಿತ್ರವನ್ನು ಬೆರಳಿನಿಂದ ಸವರಿದರು. "ಹುಣ್ಸೆ... ಅಂತ ಗೊತ್ತು ಕಣಮ್ಮ. ಯಾವ ದರ್ಜೆ ಮಾಲು, ಕರಿಪುಳೀನಾ, ಫ್ಲವರಾ... ಕಾಗದ ಮುಟ್ಟಿ ಹೆಂಗೇಳ್ಲಿ?"

ವಾರದ ಲೆಕ್ಕ

ಕುಂದುರ್ಪಿ ಕಡೆಯ ಅಜ್ಜಿಯೊಬ್ಬರನ್ನು ಅವರ ಯಜಮಾನರು ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಕರೆತರುತ್ತಿದ್ದರು. ಅಜ್ಜಿಗೆ ಬಿಡಿ ಪದ ಒಂದೂ ಬರುತ್ತಿರಲಿಲ್ಲ. ಆದರೆ ಬಾಯಿಪಾಠವಾಗಿದ್ದು ಮಿದುಳಿನಲ್ಲಿ ಬೇರೆ ದಾರಿ ಹಿಡಿದು ಬರುತ್ತದೆ. ನಾನು "ಆದಿವಾರ" ಎಂದು ಶುರು ಮಾಡಿಕೊಟ್ಟರೆ ಮುಂದಿನದು ತಾನಾಗಿ ಉರುಳುತ್ತಿತ್ತು, ನಿಲ್ಲಿಸುವುದೇ ಕಷ್ಟ.

"ಇವತ್ತು ಯಾವ ವಾರ?" ಎಂದು ಕೇಳಿದೆ. ಆದಿವಾರದಿಂದ ಹೊರಟು ಗುರುವಾರ ದಾಟಿ ಶನಿವಾರ ಮುಟ್ಟಿ, ಇನ್ನೊಂದು ಸುತ್ತೂ ಮುಗಿಸಿದರು. ಯಜಮಾನರು ಎದ್ದು ಚೀಲ ತಗೊಂಡರು. "ಗುರುವಾರ ಎರಡು ಸಲ ಬಂದೋಯ್ತು ಡಾಕ್ಟ್ರಮ್ಮ. ನಮ್ಮ ಬಸ್ಸು ಒಂದೇ ಸಲ ಬರೋದು."

ಸೊನ್ನೆ

ಮುಂದಿನ ಗುರುವಾರ ಯಜಮಾನರನ್ನೇ ಎದುರಿಗೆ ಕೂರಿಸಿ, "ಇವರ ಹೆಸರೇನಜ್ಜಿ?" ಎಂದೆ. ಅಜ್ಜಿ ಮುಖ ತಿರುಗಿಸಿದರು. ನಾನು ಪುಸ್ತಕದಲ್ಲಿ ಸೊನ್ನೆ ಬರೆದೆ.

"ಆ ಸೊನ್ನೆ ಹೊಡೆದಾಕಮ್ಮ" ಎಂದರು ಅವರು. "ಚೆನ್ನಾಗಿದ್ದಾಗ್ಲೂ ಹೇಳ್ದೋಳಲ್ಲ. ಗಂಡನ ಹೆಸ್ರು ಹೇಳಬಾರ್ದು ಅಂತ ಐವತ್ತು ವರ್ಸ 'ಇಕಾ' ಅಂತಾನೇ ಕರೆದ್ಲು. ಈಗ ಅದೂ ಇಲ್ಲ." ಆಮೇಲೆ ಕೇಳಿದರು: "ಎಲ್ಲಾ ಮಾತೂ ಬ್ಯಾಡ. ನನ್ನ ಒಂದ್ಸಲ ಕರೀತಾಳಾ?"

ಆಗುತ್ತದೆ ಎನ್ನಲು ಧೈರ್ಯವಾಗಲಿಲ್ಲ. ಆ ದಿನ ಮನೆಗೆ ಹೋದರೂ ನನಗೆ ಸಮಾಧಾನವಿರಲಿಲ್ಲ.

ಕುರಿ

ಎರಡು ವಾರ ಬಿಟ್ಟು ಯಜಮಾನರು ಫೋನ್ ಮಾಡಿದರು. "ಕರೆದ್ಲು ಕಣಮ್ಮ."

ಅಂಗಳದಲ್ಲಿ ಕಡಲೆಕಾಯಿ ಒಣಗಲು ಹರಡಿ, ಅವರು ಅಲ್ಲೇ ಕೂತಿದ್ದರಂತೆ. ಬೆನ್ನ ಹಿಂದೆ ಕುರಿ ನುಗ್ಗಿವೆ. ಬಾಗಿಲಲ್ಲಿದ್ದ ಅಜ್ಜಿ ನೋಡಿದ್ದಾರೆ. ಗಾಬರಿಯಲ್ಲಿ ಬರುವ ಮಾತು ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಕುರಿ ಎಂಬ ಪದ ಸಿಗದೆ, ಗಂಡನ ಹೆಸರೇ ಪೂರ್ತಿಯಾಗಿ, ಬೀದಿಗೆಲ್ಲ ಕೇಳುವಂತೆ ಬಾಯಿಂದ ಬಂದುಬಿಟ್ಟಿದೆ.

ನನಗೆ ಕಣ್ಣು ತುಂಬಿತು. "ನೀವೇನು ಮಾಡಿದ್ರಿ?" ಎಂದೆ.

"ಯಾರನ್ನೋ ಕರೀತಾವ್ಳೆ ಅಂತ ಬೀದಿ ಕಡೆ ನೋಡ್ಕಂಡು ಕೂತಿದ್ದೆ. ಅವಳ ಬಾಯಲ್ಲಿ ಕೇಳಿದ್ದೇ ಇಲ್ವಲ್ಲ. ಅದು ನಂದೇ ಹೆಸ್ರು ಅಂತ ಗೊತ್ತಾಗೋ ಹೊತ್ತಿಗೆ ಕುರಿ ಅರ್ಧ ಕಡಲೆಕಾಯಿ ಮೇಯ್ಕಂಡಿದ್ವು."