ಎರಡು ಸಾವಿರ ಗಂಟೆಯ ಆಯಸ್ಸು

ರೆಕಾರ್ಡು ಹಾಡಿಸುವ ಆಂಪ್ಲಿಫೈಯರ್ ಪೆಟ್ಟಿಗೆ ಮಾರಿದವನು ಅದರೊಳಗಿನ ಗಾಜಿನ ವಾಲ್ವುಗಳು ಎರಡು ಸಾವಿರ ಗಂಟೆ ಬಾಳುತ್ತವೆ ಎಂದಿದ್ದ. ಮಾರುವವರು ಎಷ್ಟೋ ಹೇಳುತ್ತಾರೆ, ಕೊಂಡವರು ಮನೆ ಸೇರುವಷ್ಟರಲ್ಲಿ ಮರೆಯುತ್ತಾರೆ. ನಮ್ಮ ವಾಚ್ ರಿಪೇರಿಯವನು ಮರೆಯುವ ಪೈಕಿಯಲ್ಲ. ಹಳೆಯ ಮೀಟರೊಂದರ ಹಲ್ಲುಚಕ್ರಗಳನ್ನು ಕಿತ್ತು, ಪೆಟ್ಟಿಗೆಯ ಸ್ವಿಚ್ಚು ಹಾಕಿದ್ದಾಗ ಮಾತ್ರ ಓಡುವ ಗಂಟೆ ಎಣಿಸುವ ಯಂತ್ರವೊಂದನ್ನು ತಾನೇ ತಯಾರಿಸಿ ಅದರ ಬೆನ್ನಿಗೆ ಸಿಕ್ಕಿಸಿದ. ಅಂಗಡಿ ಮುಚ್ಚಿ ಬಂದ ಮೇಲೆ ದಿನಕ್ಕೊಂದೇ ಗಂಟೆ ಹಾಡು. ಆರು ವರ್ಷ ಹೀಗೇ ನಡೆದು, ಆ ಶನಿವಾರ ಬೆಳಿಗ್ಗೆ ಎಣಿಕೆ ಸಾವಿರದ ಒಂಬೈನೂರ ತೊಂಬತ್ತೆಂಟಕ್ಕೆ ಬಂದು ನಿಂತಿತ್ತು.

ಅಂದೇ ಸಂಜೆ ಮಾವನವರು ಬರುವವರಿದ್ದರು. ಇವರು ವಾಸವಿದ್ದ ಮನೆ ಅವರದು, ಹಾಗಾಗಿ ಮನೆಯಲ್ಲಿ ನಡೆಯುವ ಮಾತೂ ಅವರದೇ. ಹೋದ ವಾರ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು: “ಜಾಗ ತಿನ್ನೋ ಈ ಹಳೇ ಡಬ್ಬಾನ ನನ್ನೆದುರಿಗೆ ಒಂದು ರೆಕಾರ್ಡು ಪೂರ್ತಿ ಹಾಡ್ಸಿ ತೋರ್ಸಿ. ಹಾಡಿದ್ರೆ ಇನ್ನು ಅದರ ಮಾತೆತ್ತಲ್ಲ. ನಡುವೆ ನಿಂತ್ರೆ ಸೋಮವಾರ ಗುಜರಿಗೆ.”

ರೆಕಾರ್ಡಿನ ಎರಡೂ ಬದಿ ಸೇರಿ ನಲವತ್ತು ನಿಮಿಷ. ಉಳಿದದ್ದು ಎರಡು ಗಂಟೆ. ಸಂಜೆಯವರೆಗೆ ಸ್ವಿಚ್ಚಿನ ಹತ್ತಿರ ಸೊಳ್ಳೆಯನ್ನೂ ಬಿಡುವುದಿಲ್ಲ ಎಂದು ತೀರ್ಮಾನಿಸಿ, ಅಂಗಡಿಗೆ ರಜೆ ಹಾಕಿ, ಪೆಟ್ಟಿಗೆಯ ಎದುರು ಕುರ್ಚಿ ಹಾಕಿಕೊಂಡು ಕೂತ.

ಆದರೆ ಮನುಷ್ಯ ಸ್ನಾನ ಮಾಡಬೇಕಲ್ಲ. ಮಾಡಿ ಬಂದಾಗ ವಾಲ್ವುಗಳು ಕೆಂಡದಂತೆ ಹೊತ್ತಿಕೊಂಡಿದ್ದವು. ಕುರ್ಚಿಯಲ್ಲಿ ಮಹಡಿ ಮನೆಯ ನಿವೃತ್ತ ಲೈನ್‌ಮನ್ ಕೂತಿದ್ದರು.

“ನಾನೇ ಹಾಕ್ದೆ. ವಾಲ್ವು ಅಂದ್ರೆ ಮುದುಕರ ಹಾಗೆ ಕಣಯ್ಯ, ಮೈ ಬಿಸಿ ಆಗೋಕೆ ಹೊತ್ತು ಬೇಕು. ನೀನು ಇಷ್ಟು ಹೊತ್ತು ಸ್ನಾನ ಮಾಡ್ತೀಯ ಅಂತ ಗೊತ್ತಿರ್ಲಿಲ್ಲ.”

ಮುಕ್ಕಾಲು ಗಂಟೆ ಹೋಗಿತ್ತು. ಹಲ್ಲು ಕಚ್ಚಿಕೊಂಡು ಆರಿಸಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎದುರು ಮನೆಯ ಟೈಲರ್ ರೆಕಾರ್ಡೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ. “ಒಂದೇ ಹಾಡು ಅಣ್ಣ. ನಮ್ಮಮ್ಮನಿಗೆ ಬಹಳ ಇಷ್ಟವಾಗಿತ್ತು.” ಹಾಡು ಶುರುವಾದದ್ದೇ ತಡ, ಬಿಕ್ಕಿಬಿಕ್ಕಿ ಅಳತೊಡಗಿದ. ಅಳುವವನ ಎದುರು ಸ್ವಿಚ್ ಆರಿಸುವುದಾದರೂ ಹೇಗೆ? ಒಂದು ಮುಗಿದು ಇನ್ನೊಂದು, ಇನ್ನೊಂದು ಮುಗಿದು ಮತ್ತೊಂದು. ಟೈಲರ್ ಮೂಗೊರೆಸಿಕೊಂಡು ಎದ್ದಾಗ ಉಳಿದದ್ದು ಇಪ್ಪತ್ತೈದು ನಿಮಿಷ.

ನಲವತ್ತು ನಿಮಿಷದ ರೆಕಾರ್ಡಿಗೆ ಅದು ಸಾಲದು. ಆದರೂ ವಾಚ್ ರಿಪೇರಿಯವನು ಪಟ್ಟು ಬಿಡಲಿಲ್ಲ. ಇನ್ನೆಲ್ಲೂ ಸಿಗದ ವಸ್ತುವೆಂದು ಇಷ್ಟು ದಿನ ಮುಟ್ಟದೆ ಹತ್ತಿಯಲ್ಲಿ ಸುತ್ತಿಟ್ಟಿದ್ದ ಒಂದೇ ಒಂದು ಹೊಸ ಜೋಡಿ ವಾಲ್ವುಗಳನ್ನು ಬೀರುವಿನಿಂದ ತೆಗೆದ. ಹಳೆಯವನ್ನು ಕೀಳಲು ಹೋಗಿ ನಾಲ್ಕು ಬೆರಳು ಸುಟ್ಟುಕೊಂಡ.

“ಕೊಡಯ್ಯ ಇಲ್ಲಿ, ನಾನು ಹಿಡ್ಕೋತೀನಿ,” ಎಂದು ಲೈನ್‌ಮನ್ ಮತ್ತೆ ಇಳಿದು ಬಂದರು. “ಮೂವತ್ತು ವರ್ಷ ಕಂಬ ಹತ್ತಿದ ಕೈ ಇದು.”

ಕಂಬ ಹತ್ತಿದ ಕೈಯಿಂದ ಎರಡೂ ಹೊಸ ವಾಲ್ವು ಜಾರಿ ನೆಲಕ್ಕೆ ಬಿದ್ದು ಚೂರುಚೂರಾದವು. ಅದೇ ಹೊತ್ತಿಗೆ ಬಾಗಿಲ ಗಂಟೆ ಹೊಡೆಯಿತು.

ಮಾವ ಬಂದು ಕೂತರು. ಅಳಿಯ ಹಳೆಯ ವಾಲ್ವುಗಳನ್ನೇ ಸುಟ್ಟ ಬೆರಳಿನಿಂದ ಸಿಕ್ಕಿಸಿ ರೆಕಾರ್ಡು ಹಾಕಿದ. ಮಾವ ಕಣ್ಣು ಮುಚ್ಚಿದರು. ಅಳಿಯ ಎಣಿಕೆಯ ಮೇಲಿಟ್ಟ ಕಣ್ಣನ್ನು ಮಿಟುಕಿಸಲಿಲ್ಲ. ಎರಡನೆಯ ಬದಿಯ ಮೊದಲ ಹಾಡಿನಲ್ಲಿ ಎರಡು ಸಾವಿರ ತುಂಬಿತು. ಅವನು ಉಸಿರು ಬಿಗಿಹಿಡಿದ. ಹಾಡು ನಿಲ್ಲಲಿಲ್ಲ, ಗೊರಗೊರ ಎನ್ನಲಿಲ್ಲ, ಕೊನೆಯವರೆಗೂ ಜೇನಿನ ಹಾಗೆ ಇಳಿಯಿತು.

ಮಾವ ಕಣ್ಣೊರೆಸಿಕೊಂಡರು. “ಅಳಿಯಂದ್ರೇ, ನನ್ನದು ತಪ್ಪಾಯ್ತು. ಇಂಥಾದ್ದನ್ನ ಡಬ್ಬ ಅಂದ್ಬಿಟ್ನಲ್ಲ.” ವಾಚ್ ರಿಪೇರಿಯವನು ಹಿಗ್ಗಿ ಹೀರೇಕಾಯಿಯಾದ. ಮಾವ ಎದ್ದು ನಿಂತರು. “ಇದು ನಮ್ಮನೇಲಿರಬೇಕಾದ್ದು. ಕಾರಿನಲ್ಲಿ ಇಡ್ಸಿ.”

ಅಳಿಯ ಪೆಟ್ಟಿಗೆಗೆ ಅಡ್ಡ ನಿಂತ. “ಮಾವ, ಇದರ ವಾಲ್ವಿನ ಆಯಸ್ಸು ಇವತ್ತಿಗೆ ಮುಗೀತು. ಎರಡು ಸಾವಿರ ಗಂಟೆ ಆಗೋಯ್ತು, ನೋಡಿ ಬೇಕಾದ್ರೆ. ನಿಮ್ಮನೇಲಿ ಒಂದು ದಿನಾನೂ ಹಾಡಲ್ಲ. ಸುಮ್ನೆ ಯಾಕೆ ಹೊತ್ಕೊಂಡು ಹೋಗ್ತೀರ?”

ಮಾವ ಯೋಚನೆಗೆ ಬಿದ್ದರು. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಬಂದಳು.

“ಅಪ್ಪಾ, ಇವರ ಮಾತು ಕೇಳ್ಬೇಡ. ಆರು ವರ್ಷದಿಂದ ಇವರು ಅಂಗಡಿಗೆ ಹೋದ್ಮೇಲೆ ನಾನು ದಿನಾ ಮೂರು ಗಂಟೆ ಹಾಕ್ಕೊಂಡು ಕೇಳ್ತೀನಿ. ಪಾಪ, ನೊಂದ್ಕೋತಾರೆ ಅಂತ ಎಣಿಕೆ ಯಂತ್ರದ ವೈರು ಬಿಚ್ಚಿಡ್ತಿದ್ದೆ ಅಷ್ಟೆ. ಎಂಟು ಸಾವಿರ ಗಂಟೆ ಆದ್ರೂ ಹಾಡಿರ್ಬೇಕು. ಏನೂ ಆಗಿಲ್ಲ.”

ಪೆಟ್ಟಿಗೆಯನ್ನು ಕಾರಿನವರೆಗೆ ಅಳಿಯನೇ ಹೊತ್ತ. ಕಾರು ತಿರುವು ದಾಟಿದ ಮೇಲೆ ಹೆಂಡತಿಯತ್ತ ತಿರುಗಿ, “ಇನ್ನು ಮೇಲೆ ನೀನೇನು ಕೇಳ್ತೀಯ?” ಎಂದ.

“ಅಪ್ಪನ ಮನೆ ಎರಡೇ ಬೀದಿ ತಾನೆ? ಮಧ್ಯಾಹ್ನ ಅಲ್ಲೇ ಹೋಗ್ತೀನಿ. ನೀವೂ ಬನ್ನಿ, ಯಾರು ಬೇಡ ಅಂತಾರೆ? ಆದ್ರೆ ಅಪ್ಪ ಎಂಟಕ್ಕೆಲ್ಲ ಮಲಗಿಬಿಡ್ತಾರೆ.”

ವಾಚ್ ರಿಪೇರಿಯವನು ಅಂಗಡಿ ಮುಚ್ಚುವುದು ಎಂಟೂವರೆಗೆ.